ಗಾಡಿಯ ನೆತ್ತಿಯ ಮೇಲೆ ಎ.ಸಿ. ಕೂರಿಸಿದವರು

ಕೊಪ್ಪದ ಫ್ರಿಜ್ ರಿಪೇರಿಯವರ ಬಲಗೈಯ ಮೂರು ಬೆರಳ ತುದಿಗಳು ಸುಣ್ಣ ಮೆತ್ತಿದ ಹಾಗೆ ಬೆಳ್ಳಗಿದ್ದವು. ಹರೆಯದಲ್ಲಿ ಯಾವುದೋ ಪೈಪು ಬಿಚ್ಚುವಾಗ ಗ್ಯಾಸು ಚಿಮ್ಮಿ ಸುಟ್ಟದ್ದಂತೆ. ಅಲ್ಲಿಂದ ಆ ಬೆರಳುಗಳಿಗೆ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಹಾಗಾಗಿ ರಿಪೇರಿ ಮುಗಿದ ಫ್ರಿಜ್ಜಿನೊಳಗೆ ತಲೆ ತೂರಿಸಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ನಾನೂ ನನ್ನ ತಂಗಿಯೂ ಬಾಗಿಲ ಹಿಂದೆ ನಿಂತು ನಕ್ಕಿದ್ದೆವು.

ನಾವಿಬ್ಬರು ಶೃಂಗೇರಿಯಲ್ಲಿ ಇಪ್ಪತ್ತು ವರ್ಷ ಅಡುಗೆ ಕಂಟ್ರಾಕ್ಟ್ ಮಾಡಿದವರು. ಅಡುಗೆ ಅವಳದು, ಲೆಕ್ಕಾಚಾರ ಮತ್ತು ಪಾತ್ರೆ ಹೊರುವ ಪಿಕಪ್ಪಿನ ಸ್ಟೇರಿಂಗು ನನ್ನದು. ಫ್ರಿಜ್ ಕೆಟ್ಟಾಗಲೆಲ್ಲ ಅವರು ಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. "ಸರಿಯಾಗ್ತದಾ?" ಎಂದು ಕೇಳಿದರೆ "ನೋಡಣ" ಎನ್ನುತ್ತಿದ್ದರು. ಆ "ನೋಡಣ" ಹೌದೋ ಅಲ್ಲವೋ ನನಗೆ ಇಷ್ಟು ವರ್ಷವಾದರೂ ತಿಳಿಯಲಿಲ್ಲ.

ನಾಲ್ಕು ವರ್ಷದ ಹಿಂದೆ ತಂಗಿಗೆ ನರದ ಕಾಯಿಲೆ ಎಂದು ಗೊತ್ತಾಯಿತು. ಮೈ ಬಿಸಿಯಾದರೆ ಅವಳ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ. ಒಲೆಯ ಮುಂದೆ ನಿಲ್ಲುವ ಹಾಗಿಲ್ಲ. ಕಂಟ್ರಾಕ್ಟ್ ಬಿಟ್ಟೆವು. ಒಂದು ದಿನ ಅವಳು, "ಊರೂರಿಗೆ ಹೋಗಿ ಬಡಿಸಿದ್ದೇ ಆಯ್ತು, ಒಂದು ಊರನ್ನೂ ನೋಡಲಿಲ್ಲ" ಎಂದಳು. ಬೇಸರದಿಂದ ಹೇಳಿದ್ದಲ್ಲ, ಬಟ್ಟೆ ಮಡಿಸುತ್ತ ಹೇಳಿದ್ದು. ಆದರೆ ನನಗೆ ಆ ಮಾತು ಬಿಡಲಿಲ್ಲ. ಪಿಕಪ್ಪಿನ ಹಿಂಭಾಗಕ್ಕೆ ಒಂದು ಪುಟ್ಟ ಕೋಣೆ ಕಟ್ಟಿಸಿದೆ. ಎರಡು ಮಂಚ, ಒಂದು ಸಿಂಕು, ಮಂಚದ ಕೆಳಗೆ ದೊಡ್ಡ ಬ್ಯಾಟರಿಗಳು. ಘಟ್ಟ ಇಳಿದರೂ ಬಯಲುಸೀಮೆಗೆ ಹೋದರೂ ಅವಳಿಗೆ ತಂಪು ಬೇಕೇಬೇಕು. ಸೂರಿನ ಮೇಲೆ ಕೂರಿಸುವ ಎ.ಸಿ.ಯೊಂದನ್ನು ತರಿಸಿದೆ.

ಪೆಟ್ಟಿಗೆ ಬಂದ ದಿನವೇ ನನ್ನ ತಲೆ ಕೆಟ್ಟಿತು. ಜೊತೆಗಿದ್ದ ಪುಸ್ತಕದಲ್ಲಿ ಸೂರಿನ ನಟ್ಟನಡುವೆ ಚೌಕ ಕೊರೆಯಿರಿ ಎಂದಿತ್ತು. ಕೋಣೆ ಕಟ್ಟಿದವನು ಫೋನಿನಲ್ಲಿ, ನಡುವೆ ಕಬ್ಬಿಣದ ಪಟ್ಟಿ ಇದೆ, ಅದನ್ನು ಮುಟ್ಟಿದರೆ ಸೂರು ಕುಸಿಯುತ್ತದೆ ಎಂದ. ಎ.ಸಿ. ಮಾರಿದವನು ಏನೂ ಆಗುವುದಿಲ್ಲ, ಕೊರೆಯಿರಿ ಎಂದ. ಯಾರನ್ನು ನಂಬಬೇಕೋ ತಿಳಿಯದೆ ರಿಪೇರಿಯವರಿಗೆ ಫೋನು ಮಾಡಿದೆ.

"ನೋಡಣ" ಎಂದರು.

ಮೊದಲ ದಿನ ಬಂದವರು ಸಲಕರಣೆಯ ಚೀಲವನ್ನೇ ಬಿಚ್ಚಲಿಲ್ಲ. ತಂಗಿಯನ್ನು ಒಳಗೆ ಮಲಗಿಸಿ, ಬಾಗಿಲು ಮುಚ್ಚಿ, ಹೊರಗೆ ಸ್ಟೂಲಿನ ಮೇಲೆ ಕುಳಿತರು. ಹತ್ತು ನಿಮಿಷಕ್ಕೆ ಬಾಗಿಲು ತೆಗೆದು, "ಸೆಕೆ ಮೊದಲು ಎಲ್ಲಿಗೆ ಹತ್ತಿತು?" ಎಂದು ಕೇಳಿದರು. ಅವಳು ಕಾಲಿಗೆ ಎಂದಳು. ಅಷ್ಟಕ್ಕೇ ಎದ್ದು ಬಸ್ಸಿಗೆ ಹೋದರು. ಎರಡನೆಯ ದಿನ ಏಣಿ ಹಾಕಿ ಸೂರಿನ ಮೇಲೆ ಹತ್ತಿ, ಸೀಮೆಸುಣ್ಣದಲ್ಲಿ ಚೌಕ ಬರೆದು, ಅದನ್ನು ಅಂಗೈಯಲ್ಲಿ ಒರೆಸಿ ಇಳಿದರು. ಮೂರನೆಯ ದಿನ ಬಂದದ್ದು ಸಂಜೆಗೆ, ಬರಿಗೈಯಲ್ಲಿ. ನಾಲ್ಕನೆಯ ದಿನ ನನ್ನಿಂದ ನರಸಿಂಹರಾಜಪುರದ ದಾರಿಯಲ್ಲಿ ಗಾಡಿ ಓಡಿಸಿದರು. ತಾವು ಹಿಂದಿನ ಕೋಣೆಯಲ್ಲಿ ನಿಂತು, ಎರಡೂ ಕೈಯಿಂದ ಸೂರನ್ನು ಹಿಡಿದುಕೊಂಡಿದ್ದರಂತೆ. ಇಳಿದವರು ಮತ್ತೆ "ನೋಡಣ" ಎಂದರು.

ನನಗೆ ತಡೆಯಲಾಗಲಿಲ್ಲ. "ನಿಮಗೆ ಈ ಕೆಲಸ ಬರೋದಿಲ್ಲ ಅಂದ್ರೆ ಹೇಳಿಬಿಡಿ, ಶಿವಮೊಗ್ಗಕ್ಕೆ ತಗೊಂಡು ಹೋಗ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. "ಬರೋದಿಲ್ಲ ಮಾರಾಯ್ತಿ. ಗಾಡಿ ಮೇಲೆ ಇದುವರೆಗೆ ಕೂರಿಸಿಲ್ಲ. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಬಯ್ಯಬೇಕೋ, ಕೈ ಮುಗಿಯಬೇಕೋ. ಮುಂದಿನ ಸೀಟಿನಲ್ಲಿದ್ದ ತಂಗಿ, "ಅವರೇ ಮಾಡ್ಲಿ ಅಕ್ಕ. ಗೊತ್ತಿಲ್ಲ ಅಂತ ಹೇಳಿದವ್ರು ಇವ್ರೊಬ್ಬರೇ" ಎಂದಳು.

ಮರುದಿನ ಕೊರೆದರು. ನಡುವೆ ಅಲ್ಲ, ಬಾಗಿಲ ಕಡೆಗೆ ಸರಿಸಿ, ಎರಡು ಪಟ್ಟಿಗಳ ಮಧ್ಯೆ. ಗಾಳಿ ಮೊದಲು ಅವಳ ಕಾಲಿಗೆ ಬರುವ ಹಾಗೆ. ನಾಲ್ಕು ಮೂಲೆಗೂ ಒಳಗಿನಿಂದ ಸಣ್ಣ ತೂತು ಹಾಕಿಕೊಂಡು, ಮೇಲಿನಿಂದ ಗರಗಸದ ಮಿಷನ್ ಬಿಟ್ಟರು. ತಗಡಿನ ಚೌಕ ಕಳಚಿ ನನ್ನ ಕೈಗೆ ಬಂತು. ಕೋಣೆಯ ನೆತ್ತಿಯಲ್ಲಿ ಆಕಾಶ ಕಾಣುತ್ತಿತ್ತು. ಇನ್ನು ಹಿಂದೆ ಹೋಗುವ ಹಾಗಿಲ್ಲ. ಅವರು ತೂತಿನ ಸುತ್ತ ಮರದ ಚೌಕಟ್ಟು ಬಿಗಿದು, ರಬ್ಬರಿನ ಪಟ್ಟಿ ಇಟ್ಟರು. ನಾನು ಅತ್ತ ಅವರು ಇತ್ತ ಹಿಡಿದು ಎ.ಸಿ.ಯನ್ನು ಹಗ್ಗದಲ್ಲಿ ಏರಿಸಿದೆವು. ಆಮೇಲೆ ಒಳಗಿನಿಂದ ನಾಲ್ಕು ಉದ್ದ ಬೋಲ್ಟು. ಒಂದೊಂದನ್ನೂ ಒಂದೊಂದು ಸುತ್ತು ಮಾತ್ರ ತಿರುಗಿಸುತ್ತ, ರಬ್ಬರು ಅರ್ಧಕ್ಕೆ ಕೂತ ಮೇಲೆ ನಿಲ್ಲಿಸಿದರು.

ತಂಪಾಯಿತು. ಆದರೆ ಎರಡು ಗಂಟೆಯಲ್ಲಿ ಒಂದು ಹನಿ ತಂಗಿಯ ಪಾದದ ಮೇಲೆ ಬಿತ್ತು, ಹಿಂದೆಯೇ ಇನ್ನೊಂದು. ಹೊರಗೆ ಬೇಸಿಗೆ ಮಳೆ ಸಣ್ಣಗೆ ಶುರುವಾಗಿತ್ತು. ಸೂರು ಸೋರುತ್ತಿದೆ, ಎಲ್ಲ ಹಾಳಾಯಿತು ಎಂದುಕೊಂಡೆ. ಅವರು, "ಕುಂಕುಮ ಉಂಟಾ?" ಎಂದರು. ಈ ಹೊತ್ತಿನಲ್ಲಿ ಪೂಜೆಯೇ ಎಂದು ನಾನು ಅವರ ಮುಖ ನೋಡಿದೆ. ಮಳೆ ನಿಂತ ಮೇಲೆ ಒಂದು ಕೊಡ ನೀರಿಗೆ ಕುಂಕುಮ ಕಲಸಿ, ಏಣಿ ಹತ್ತಿ ಎ.ಸಿ.ಯ ಸುತ್ತ ಸುರಿದರು. ಇಳಿದು ಬಂದು, ಕೆಳಗೆ ಬಿಳಿ ಪಂಚೆಯ ತುದಿ ಹಿಡಿದು ನಿಂತರು. ನಾವು ಮೂವರೂ ಆ ಹನಿಗೆ ಕಾದೆವು.

ಬಿದ್ದ ಹನಿಗೆ ಬಣ್ಣವೇ ಇರಲಿಲ್ಲ.

"ಇದು ಮಳೆ ನೀರಲ್ಲ. ತಂಪು ತಗಡಿಗೆ ಒಳಗಿನ ಗಾಳಿ ಬೆವರ್ತಾ ಉಂಟು" ಎಂದು, ತೂತಿನ ಅಂಚಿಗೆಲ್ಲ ಸ್ಪಂಜು ತುರುಕಿದರು. ಹನಿ ನಿಂತಿತು. ಮತ್ತೆ ಬಿಸಿಲು ಬಂದ ಮೇಲೆ ತಂಗಿ ಒಳಗೆ ಒಂದು ಗಂಟೆ ಮಲಗಿ, ಬಾಗಿಲು ಹಿಡಿದುಕೊಂಡು, ಮೂರು ಮೆಟ್ಟಿಲನ್ನು ಒಬ್ಬಳೇ ಇಳಿದಳು. ಅವರು ಅವಳ ಪಾದಗಳನ್ನೇ ನೋಡುತ್ತಿದ್ದರು.

ನಾವು ಬಾದಾಮಿ, ವಿಜಯಪುರ, ಬೀದರ್ ಸುತ್ತಿದೆವು. ಗೋಲಗುಮ್ಮಟದಲ್ಲಿ ಅವಳು ಬೆಳಗಿನ ತಂಪಿನಲ್ಲಿ ನಿಂತು ನಿಂತು ಮೆಟ್ಟಿಲು ಹತ್ತಿ, ನನ್ನ ಹೆಸರು ಕೂಗಿ ಏಳು ಸಲ ಕೇಳಿಸಿಕೊಂಡಳು. ಬೀದರಿನಲ್ಲಿದ್ದಾಗ ರಿಪೇರಿಯವರ ಹೆಂಡತಿಯ ಫೋನು ಬಂತು. ಅವರು ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರಂತೆ.

ವಾಪಸ್ಸು ಬಂದವರು ನೇರ ಕೊಪ್ಪಕ್ಕೆ ಹೋದೆವು. ಆ ಅಮ್ಮ ಚಾಪೆ ಹಾಸಿ ಕೂರಿಸಿ, ಅಂಗಳದಲ್ಲಿ ನಿಂತ ಗಾಡಿಯನ್ನು ತುಂಬ ಹೊತ್ತು ನೋಡಿದರು. "ಇವ್ರು ಅದರ ಮೇಲೆ ಹತ್ತಿದ್ರಾ?" ಎಂದು ಕೇಳಿದರು. ತಲೆಸುತ್ತು ಬಂದು ಬಿದ್ದ ಮೇಲೆ ಅವರು ಏಣಿ ಹತ್ತಕೂಡದು ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತಂತೆ. ನಮ್ಮ ಕೆಲಸ ನಡೆದ ಅಷ್ಟೂ ದಿನ ಮನೆಯಲ್ಲಿ, ಶೃಂಗೇರಿ ಶಾರದಮ್ಮನ ದರ್ಶನಕ್ಕೆ ಹೋಗುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ್ದರಂತೆ.

ನಮಗಾಗಿ ಸುಳ್ಳು ಹೇಳಿದರೋ, ಕೆಲಸದ ಆಸೆಗೋ, ಹೊಸದೊಂದನ್ನು ಮಾಡಿ ನೋಡಬೇಕೆಂಬ ಹಟಕ್ಕೋ? ಶಿವಮೊಗ್ಗಕ್ಕೆ ಹೋಗುತ್ತೇನೆಂದು ನಾನು ಅಂದದ್ದು ಅವರನ್ನು ಏಣಿ ಹತ್ತಿಸಿತೋ? ಕ್ಷಮೆ ಕೇಳಬೇಕೆಂದರೆ ಯಾವುದಕ್ಕೆ ಎಂಬುದೂ ಸ್ಪಷ್ಟವಿಲ್ಲ.

"ಅಷ್ಟು ದಿನದಲ್ಲಿ ಒಂದು ಸಲವಾದ್ರೂ ಗುಡಿಗೆ ಹೋಗಿದ್ರಾ?" ಎಂದು ಅಮ್ಮ ಕೇಳಿದರು.

ನಾನು ಕಂಡಂತೆ ಅವರು ಬಸ್ ಸ್ಟ್ಯಾಂಡಿನಿಂದ ನಮ್ಮಲ್ಲಿಗೆ, ನಮ್ಮಲ್ಲಿಂದ ಬಸ್ ಸ್ಟ್ಯಾಂಡಿಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ, "ಹೋಗಿದ್ರು ಅಮ್ಮ. ಮೂರನೇ ದಿನ. ನಮ್ಮಲ್ಲಿಗೆ ಬಂದಾಗ ಹಣೆಯಲ್ಲಿ ಕುಂಕುಮ ಇತ್ತು" ಎಂದಳು. ಆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿ ತರಲು ಒಳಗೆ ಹೋದರು.

ಇತ್ತೋ ಇಲ್ಲವೋ, ನನಗೆ ನೆನಪಿಲ್ಲ. ತಂಗಿಯನ್ನು ಇವತ್ತಿಗೂ ಕೇಳಿಲ್ಲ.