ಇವರ ಬೆನ್ನಿಗೊಂದು ಚೌಕಟ್ಟು

ನನ್ನ ಬಾಯಿ ಜೋರು ಅಂತ ಹಳಿಯಾಳದ ನಮ್ಮ ಓಣಿಗೆಲ್ಲ ಗೊತ್ತು. ಆ ಬಾಯಿಯನ್ನು ನಾನು ಎಲ್ಲಕ್ಕಿಂತ ಜೋರಾಗಿ ಬಿಟ್ಟದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಒಂದು ಕಬ್ಬಿಣದ ಚೌಕಟ್ಟಿನ ಸಲುವಾಗಿ.

ಆಗ ನಮ್ಮ ಮನೆಯವರು ಜೋಯಿಡಾ ಕಡೆಯ ಕಾಡಿನಿಂದ ದಾಂಡೇಲಿಯ ಡಿಪೋಕ್ಕೆ ಸಾಗವಾನಿ ತೊಲೆ ಸಾಗಿಸುವ ಲಾರಿ ಓಡಿಸುತ್ತಿದ್ದರು. ಹಿಂದೆ ಬಯಲು ಹಲಗೆ, ಅದರ ಮೇಲೆ ಉದ್ದುದ್ದ ತೊಲೆ, ಮುಂದೆ ಕಟ್ಟಿಗೆಯ ಕ್ಯಾಬಿನ್ನು. ಆ ಬೇಸಿಗೆಯಲ್ಲಿ, ಇಳಿಜಾರಿನಲ್ಲಿ ಬ್ರೇಕು ಒತ್ತಿದ ಒಬ್ಬ ಡ್ರೈವರನ ಬೆನ್ನಿಗೆ ತೊಲೆ ನುಗ್ಗಿ ಅವನು ಕೂತಲ್ಲೇ ಸತ್ತ. ಆ ಸುದ್ದಿ ಕೇಳಿದಾಗಿನಿಂದ ನನಗೆ ಅನ್ನ ಇಳಿಯಲಿಲ್ಲ. ಕ್ಯಾಬಿನ್ನಿನ ಹಿಂದೆ ಒಂದು ತಡೆ ಹಾಕಿಸಿರಿ ಅಂತ ಗಂಟುಬಿದ್ದೆ.

ಇವರಿಗೆ ನೂರೆಂಟು ನೆವ. ತೊಲೆ ಬಿಗಿದ ಸರಪಳಿ ಗಟ್ಟಿ ಇದೆಯಂತೆ, ತಡೆ ಹಾಕಿದರೆ ಹಿಂದಿನದು ಕಾಣುವುದಿಲ್ಲವಂತೆ, ಜೊತೆಯ ಡ್ರೈವರರು ನಗುತ್ತಾರಂತೆ. ಅಸಲು ಸಂಗತಿ ಆ ಕೊನೆಯದು ಮಾತ್ರ. ನಾನು ಮುಂಡಗೋಡ ಕಡೆಯ ಒಕ್ಕಲುತನದ ಮನೆಯ ಮಗಳು. ಬಿದಿರು ಹೇರಿದ ಚಕ್ಕಡಿ ಇಳಿಜಾರಿಗೆ ಬಂದರೆ ಬಿದಿರು ಮುಂದೆ ಜಾರಿ ಎತ್ತಿಗೆ ಚುಚ್ಚುತ್ತದೆ. ಅದಕ್ಕೇ ಅಪ್ಪ ಮುಂದುಗಡೆ ಒಂದು ಅಡ್ಡ ಮರ ಬಿಗಿಯುತ್ತಿದ್ದ. ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಕೇಳಿದೆ:

“ನಮ್ಮಪ್ಪಗ ಎತ್ತಿನ ಕುತ್ತಿಗಿ ಮ್ಯಾಲ ಇದ್ದ ಕಾಳಜಿ, ನಿಮಗ ನಿಮ್ಮ ಕುತ್ತಿಗಿ ಮ್ಯಾಲ ಇಲ್ಲೇನ್ರಿ?”

ಮರುದಿನವೇ ಲಾರಿ ದಾಂಡೇಲಿಯ ಮುದಿ ಮೇಸ್ತ್ರಿ ಚಾಚಾನ ಕುಲುಮೆಗೆ ಹೋಯಿತು. ಕೆಲಸ ಮುಗಿಯಿತೆಂದ ದಿನ ಇವರ ಬೆನ್ನು ಹತ್ತಿ ನಾನೂ ಹೋದೆ. ಚೌಕಟ್ಟು ನೋಡಲು ಚಂದವೇ ಇತ್ತು. ಎರಡೂ ಕೈಯಿಂದ ಹಿಡಿದು ಅಲುಗಿಸಿದೆ. ಅಯ್ಯ ಶಿವನೇ, ಅದರ ಜೊತೆ ಕ್ಯಾಬಿನ್ನೂ ಅಲುಗಿತು! ಚಾಚಾ ಅದನ್ನು ಕ್ಯಾಬಿನ್ನಿನ ಕಟ್ಟಿಗೆಗೇ ಬಿಗಿದಿದ್ದ. ತೊಲೆ ಬಡಿದರೆ ಎರಡೂ ಒಟ್ಟಿಗೇ ಇವರ ಮೈಮೇಲೆ. ಅಪ್ಪ ಅಡ್ಡ ಮರವನ್ನು ಚಕ್ಕಡಿಯ ಮೈಗೆ ಬಿಗಿಯುತ್ತಿದ್ದನೇ ಹೊರತು ಎತ್ತಿನ ನೊಗಕ್ಕಲ್ಲ. ಅದನ್ನೇ ಹೇಳಿದೆ. ಅಲ್ಲಿದ್ದ ಒಬ್ಬ ಡ್ರೈವರ, ಇನ್ನು ಸ್ಟೇರಿಂಗೂ ಅಕ್ಕನೇ ಹಿಡಿಯಲಿ ಅಂತ ಚೇಷ್ಟೆ ಮಾಡಿದ. ಇವರು ನಾಚಿ ನೆಲ ನೋಡಿದರು. ಚಾಚಾ ಮಾತ್ರ ನಗಲಿಲ್ಲ. ಲಾರಿಯಡಿ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡ.

“ಖರೆ ಐತಿ ಬೇಟಿ. ತಪ್ಪು ನಂದು.”

ಎಲ್ಲ ಬಿಚ್ಚಿ, ಲಾರಿಯ ಬುಡದ ಉಕ್ಕಿನ ಚಾಸಿಗೇ ಬಿಗಿದುಕೊಟ್ಟ.

ಮಳೆ ಹಿಡಿಯುವ ಮುಂಚೆ ಒಂದು ಸಂಜೆ ಲಾರಿ ನೇರ ನಮ್ಮ ಮನೆ ಮುಂದೆ ಬಂದು ನಿಂತಿತು. ಇಳಿಜಾರಿನ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದು, ಬ್ರೇಕು ಒತ್ತಿದಾಗ ಸರಪಳಿ ಹರಿದು ತೊಲೆಗಳು ಮುಂದೆ ನುಗ್ಗಿದ್ದವಂತೆ. ಚೌಕಟ್ಟು ಬಿಲ್ಲಿನ ಹಾಗೆ ಬಾಗಿತ್ತು. ಅದಕ್ಕೂ ಕ್ಯಾಬಿನ್ನಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ಇವರು ಆ ಸಂದಿನಲ್ಲಿ ನಾಲ್ಕು ಬೆರಳು ಇಟ್ಟು ತೋರಿಸಿದರು. ನನಗೆ ಅಳುವೂ ಬಂತು, ಹೆಮ್ಮೆಯೂ ಬಂತು. ಹೆಮ್ಮೆಯೇ ಒಂದು ಗುಲಗಂಜಿ ಹೆಚ್ಚು.

ಓಣಿಯ ಹೆಂಗಸರು ಇವರಿಗೆ ದೃಷ್ಟಿ ತೆಗೆದರು. ಆಮೇಲೆ, ಒಡಪು ಕಟ್ಟಿ ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅಂತ ನನ್ನನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿದರು. ಕುಲುಮೆಯಲ್ಲಿ ಚೇಷ್ಟೆ ಮಾಡಿದ್ದ ಡ್ರೈವರನೂ ಲಾರಿಯ ಜೊತೆ ಬಂದಿದ್ದ. ಅವನಿಗೂ ಕೇಳಲಿ ಅಂತ ದನಿ ಏರಿಸಿದೆ. ಹೆಸರನ್ನು ಇಲ್ಲಿ ಬರೆಯಲಾರೆ, ಅದರ ಜಾಗದಲ್ಲಿ ‘ನಮ್ಮವರು’ ಅಂತ ಹಾಕಿದ್ದೇನೆ, ಉಳಿದದ್ದು ಹೀಗೆ:

“ಸಾಗವಾನಿ ತೊಲಿ ತಡದೈತಿ ಕಬ್ಬಿಣದ ಚೌಕಟ್ಟು,
ನಮ್ಮವರು ನನ್ನ ಮಾತ ಕೇಳ್ಯಾರ ಹಟಾ ಬಿಟ್ಟು.”

ಹೆಂಗಸರೆಲ್ಲ ಹೋ ಅಂದರು. ಇವರು ಈ ಸಲ ನೆಲ ನೋಡಲಿಲ್ಲ. ಹೌದು, ಕೇಳಿದ್ದೇನೆ ಅಂತ ಎಲ್ಲರೆದುರು ಒಪ್ಪಿಕೊಂಡರು. ಗದ್ದಲ ಇಳಿದ ಮೇಲೆ ಆ ಡ್ರೈವರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

“ಅಕ್ಕಾರ, ಚಾಸಿಗೇ ಬಿಗೀಬೇಕಲ್ರಿ?”