ಕರೆಂಟ್ ಹೋದಾಗ ಫ್ಲಾಪಿ ತೆಗೆಯುತ್ತಿದ್ದ ಅಕ್ಕ

ಅಕ್ಕ ಪಿಯುಸಿ ಮುಗಿಸಿ ಒಂದು ವರ್ಷ ಮನೆಯಲ್ಲೇ ಉಳಿದಳು, ತಂಗಿ ನಾನೂ ಮುಗಿಸಲಿ ಎಂದು. ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲದ ಕಾಲೇಜಿಗೆ ಹೆಣ್ಣುಮಗಳೊಬ್ಬಳನ್ನೇ ಬಸ್ಸು ಹತ್ತಿಸಲು ಅಪ್ಪ ಒಪ್ಪಲಿಲ್ಲ. ಹೀಗೆ ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದೆವು. ಅವಳು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಅವಳು ನನಗಾಗಿ ಕಾದ ಆ ವರ್ಷ. ಅದನ್ನು ಅವಳು ಎಂದೂ ಎತ್ತಿ ಆಡಿದವಳಲ್ಲ.

ಕೊನೆಯ ವರ್ಷ ಗುಂಪು ಮಾಡಿ ಪ್ರಾಜೆಕ್ಟ್ ಕೊಟ್ಟರು. ನಾವಿಬ್ಬರು ಮತ್ತು ಕೊಳ್ಳೇಗಾಲದ ಇಬ್ಬರು ಹುಡುಗರು ಕಂಪ್ಯೂಟರ್ ವೈರಸ್ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಬೇಕಿತ್ತು. ನಮ್ಮ ಲ್ಯಾಬಿನಲ್ಲೇ ವೈರಸ್ ಇತ್ತು. ಮೇಷ್ಟ್ರು ಅಳಿಸಿದಷ್ಟೂ ಮರಳಿ ಬರುತ್ತಿತ್ತು.

ಯಾಕೆಂದು ಕಂಡುಕೊಂಡವಳು ಅಕ್ಕ. ವೈರಸ್ಸು ಫ್ಲಾಪಿಯ ಮೊದಲ ಭಾಗದಲ್ಲಿ ಅಡಗಿರುತ್ತದೆ. ಶುರುವಾಗುವಾಗ ಫ್ಲಾಪಿ ಒಳಗಿದ್ದರೆ ಕಂಪ್ಯೂಟರ್ ಅದನ್ನೇ ಮೊದಲು ಓದುತ್ತದೆ. ಓದಿದೊಡನೆ ವೈರಸ್ಸು ಒಳಸೇರಿ, ಆಮೇಲೆ ಹಾಕಿದ ಫ್ಲಾಪಿಗೆಲ್ಲ ತನ್ನ ನಕಲು ಬರೆಯುತ್ತದೆ. ಕರೆಂಟ್ ಹೋದರೆ ನಾವು ಫ್ಲಾಪಿಯನ್ನು ಅಲ್ಲೇ ಬಿಟ್ಟು ಟೀ ಕುಡಿಯಲು ಓಡುತ್ತಿದ್ದೆವು. ಕರೆಂಟ್ ಬಂದಾಗ ಕಂಪ್ಯೂಟರ್ ತಾನೇ ಶುರುವಾಗುತ್ತಿತ್ತು.

ಅಂದಿನಿಂದ ಕರೆಂಟ್ ಹೋದ ಕೂಡಲೇ ಅಕ್ಕ ಕೂಗುತ್ತಿದ್ದಳು: "ಪ್ಲಾಪಿ ತಗ್ದು ಓಗ್ರಲೇ!"

"ಅದೇನ್ ಎಮ್ಮೆನಾ ಅಕ್ಕ, ಬಿಚ್ಚಿ ಕಟ್ಟಕ್ಕೆ?" ಎಂದ ಒಬ್ಬ ಹುಡುಗ.

"ಎಮ್ಮೆ ಆಗಿದ್ರೆ ಒಂದ್ಸಲ ಏಳುದ್ರೆ ಕೇಳದು ಕಣ್ಲಾ."

ತರಗತಿಯ ಮುಂದೆ ಅವಳೇ ಮಾತಾಡಬೇಕೆಂದು ತೀರ್ಮಾನವಾಯಿತು. ಯಾವ ತರಗತಿಯಲ್ಲೂ ಎದ್ದು ನಿಂತು ಮಾತಾಡದವಳು, ಹನೂರು ದಾಟುವವರೆಗೆ ಬಸ್ಸಿನ ಕಿಟಕಿಗೆ ಮುಖ ಮಾಡಿ ಒಪ್ಪಿಸಿಕೊಳ್ಳುತ್ತಿದ್ದಳು.

ಅವಳು ಮಾತಾಡಬೇಕಿದ್ದ ಹಿಂದಿನ ದಿನ ನೀರಿನ ತೊಟ್ಟಿಯ ಬಳಿ ಜಾರಿ ನನ್ನ ಕಾಲು ಉಳುಕಿತು. ಊದಿಕೊಂಡಿದ್ದು ನಿಜ. ಬೆಳಿಗ್ಗೆ ಅಕ್ಕ ಜಡೆ ಹಾಕಿಕೊಂಡು ಸಿದ್ಧಳಾಗಿ ನಿಂತಳು.

"ಓದ್ರೆ ಇಬ್ರೂ ಓಗಿ, ಒಬ್ಳೇ ಬ್ಯಾಡ," ಎಂದ ಅಪ್ಪ.

"ಇವತ್ತೊಂದಿನ ಕಣಪ್ಪ. ಬಸ್ ಇಳ್ದ್ರೆ ಕಾಲೇಜು."

"ಬ್ಯಾಡ ಅಂದ್ರೆ ಬ್ಯಾಡ."

ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ಹೊರಳಿದೆ. ನೋವಿತ್ತು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಸಂಜೆ ನಾನು ಪಕ್ಕದ ಮನೆಗೆ ಟೀವಿ ನೋಡಲು ಹೋದೆ, ಕುಂಟಿಕೊಂಡೇ. ಮರಳಿದಾಗ ಅಕ್ಕ ಅಕ್ಕಿ ಆರಿಸುತ್ತಿದ್ದಳು. "ನೋವು ಕಮ್ಮಿ ಆಯ್ತೇನೇ?" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ಅದು ಹೀಗೆ ಕೊರೆಯುತ್ತಿರಲಿಲ್ಲವೇನೋ.

ಅಂದು ತರಗತಿಯಲ್ಲಿ ಹುಡುಗರು ಏನೋ ಓದಿ ಮುಗಿಸಿದರಂತೆ. ವೈರಸ್ಸು ಯಾಕೆ ಮರಳಿ ಬರುತ್ತದೆಂದು ಮೇಷ್ಟ್ರು ಕೇಳಿದಾಗ ಇಬ್ಬರೂ, "ಅದು ಅಕ್ಕಂಗೇ ಗೊತ್ತು ಸಾ," ಎಂದರಂತೆ.

ಓದು ಮುಗಿದ ಮೇಲೆ ಅಕ್ಕನನ್ನು ಯಳಂದೂರಿಗೆ ಕೊಟ್ಟರು. ಮೊನ್ನೆ ಅವಳ ತಿಥಿಯ ದಿನ ಅಲ್ಲಿ ಕರೆಂಟ್ ಹೋಯಿತು. ಭಾವ ಎದ್ದು ಟೀವಿಯ ಪ್ಲಗ್ಗು ಕಿತ್ತರು.

"ಅವ್ಳ ಅಭ್ಯಾಸ ನಂಗೂ ಬಂದ್ಬುಟ್ಟದೆ ಕಣಮ್ಮ. ಕರೆಂಟ್ ಓದ್ರೆ ಸಾಕು, ಮೊದ್ಲು ಇದ್ನ ಕೀಳೋಳು. ಯಾಕೆ ಅಂದ್ರೆ ನಗೋಳು. ನಿಂಗೇನಾರಾ ಗೊತ್ತಾ?"

ಕತ್ತಲಲ್ಲಿ ಕೂತು ಹೇಳಿದೆ. ಫ್ಲಾಪಿ, ಅದರ ಮೊದಲ ಭಾಗ, ಕರೆಂಟ್ ಬಂದೊಡನೆ ವೈರಸ್ಸು ಒಳಸೇರುವ ಬಗೆ, ಎಲ್ಲವನ್ನೂ ಬಸ್ಸಿನಲ್ಲಿ ಅವಳು ಒಪ್ಪಿಸಿಕೊಳ್ಳುತ್ತಿದ್ದ ಹಾಗೆಯೇ.

"ಇಷ್ಟೆಲ್ಲಾ ಗೊತ್ತಿತ್ತಾ ಅವ್ಳಿಗೆ? ಕಾಲೇಜಲ್ಲಿ ಎಲ್ರಿಗೂ ಏಳಿದ್ಲಾ?" ಎಂದರು ಭಾವ.

"ಇಲ್ಲ," ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.