ಮಮ್ಮಿಯನ್ನು ಯಾರೂ ಕಾಯಲಿಲ್ಲ

ಮೊನ್ನೆ ಈ ಕೊಲ್ಲಿ ದ್ವೀಪದ ಸನದ್‌ನಲ್ಲಿ ನಮ್ಮ ಕಟ್ಟಡದ ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಒಬ್ಬ ಹುಡುಗ ಓಡಿಬಂದು ಒಳಗೆ ಸೇರಿಕೊಂಡ. ಹೊರಗೆ ನಿಂತು ಸಿಗರೇಟು ಸೇದಿ ಬಂದಿದ್ದ. ಬಿಸಿಲಿಗೆ ಕಾದ ಬಟ್ಟೆ, ಬೆವರು, ತಂಬಾಕು ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ನನಗೆ ಅದು ಅಸಹ್ಯದ ವಾಸನೆಯಲ್ಲ, ನನ್ನ ಪಪ್ಪನ ವಾಸನೆ. ಚಿಕ್ಕವಳಿದ್ದಾಗ ಅದಕ್ಕಿಂತ ಇಷ್ಟವಾದ ವಾಸನೆ ನನಗೆ ಬೇರೆ ಇರಲಿಲ್ಲ. ಆಮೇಲೆ, ಹತ್ತು ವರ್ಷ ತುಂಬುವಷ್ಟರಲ್ಲಿ, ಅದಕ್ಕಿಂತ ಭಯ ಹುಟ್ಟಿಸುವ ವಾಸನೆಯೂ ಬೇರೆ ಇರಲಿಲ್ಲ. ನನ್ನ ಮಹಡಿ ಬಂದರೂ ಇಳಿಯಲು ಮರೆತು ಆ ಹುಡುಗನ ಜೊತೆ ಮೇಲಿನವರೆಗೆ ಹೋದೆ.

ಆಗ ನಾವು ಇದೇ ದ್ವೀಪದ ಇನ್ನೊಂದು ಬದಿಯ ಬುದಯ್ಯದಲ್ಲಿದ್ದೆವು. ಖರ್ಜೂರದ ತೋಟಕ್ಕೆ ಬೆನ್ನು ಹಾಕಿ ನಿಂತ ಎರಡಂತಸ್ತಿನ ಹಳೆಯ ಮನೆ. ಗೋಡೆ ಮುಟ್ಟಿದರೆ ಅಂಗೈಗೆ ಸುಣ್ಣ ಹತ್ತುತ್ತಿತ್ತು. ಸಂಜೆ ತೋಟಕ್ಕೆ ನೀರು ಬಿಟ್ಟಾಗ ಕಾಲುವೆಯ ಸದ್ದು, ಕೊಯ್ದಿಟ್ಟ ಹಸಿ ಮೇವಿನ ವಾಸನೆ, ಅದರ ಹಿಂದೆ ಸಮುದ್ರದ ಉಪ್ಪು ಗಾಳಿ ಅಂಗಳದವರೆಗೆ ಬರುತ್ತಿದ್ದವು. ಕೆಳಗೆ ನಾವು ಮೂವರು. ಪಪ್ಪ ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್, ಮಮ್ಮಿ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ವಯಸ್ಸಾದ ಡಾಕ್ಟರೊಬ್ಬರು, ಕೆಲಸದಿಂದ ನಿವೃತ್ತರಾಗಿ ಮಗನ ಮನೆಗೆ ಬಂದು ನೆಲೆಸಿದ್ದರು. ನಾನು ಅವರನ್ನು ಡಾಕ್ಟ್ರಜ್ಜ ಎನ್ನುತ್ತಿದ್ದೆ. ನಮ್ಮದು ಕೊಂಕಣಿ, ಅವರದು ತುಳು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರಿಗೂ ಕನ್ನಡವೇ ಗತಿ. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನ್ನ ಕೈಹಿಡಿದು ಕನ್ನಡ ಅಕ್ಷರ ತಿದ್ದಿಸಿದವರು ಅವರು. ಅದಕ್ಕೇ ಇರಬೇಕು, ನಮ್ಮ ಮನೆಯೊಳಗೆ ಕೊಂಕಣಿಯಲ್ಲಿ ಆಡಿದ ಮಾತುಗಳೂ ಈಗ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಕೇಳಿಸುತ್ತವೆ.

ಪಪ್ಪ ಕೆಲಸದಿಂದ ಬಂದು ಕಾಲು ತೊಳೆದು ಅಂಗಳದ ಕುರ್ಚಿಯಲ್ಲಿ ಕೂತರೆ, ಅವರ ಸಿಗರೇಟಿಗೆ ಬೆಂಕಿಕಡ್ಡಿ ಗೀರುವ ಹಕ್ಕು ನನ್ನದು. ಗಾಳಿಗೆ ಅಡ್ಡವಾಗಿ ಅವರ ಎರಡು ದೊಡ್ಡ ಕೈಗಳು ನನ್ನ ಸಣ್ಣ ಕೈಗಳನ್ನು ಬೊಗಸೆಯಲ್ಲಿ ಹಿಡಿದುಕೊಳ್ಳುತ್ತಿದ್ದವು. ಆ ಬೊಗಸೆಯೊಳಗಿನ ಬೆಳಕಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ.

ಇಲ್ಲಿನ ವಾರದ ರಜೆಯಾದ ಒಂದು ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ಡಾಕ್ಟ್ರಜ್ಜ ಚಹಾಕ್ಕೆ ಇಳಿದು ಬಂದಿದ್ದರು. ಪಪ್ಪ ಒಂದು ಸಿಗರೇಟು ಮುಗಿಸಿ ಇನ್ನೊಂದಕ್ಕೆ ಕೈಹಾಕಿದಾಗ ಅವರು ಕಪ್ಪು ಕೆಳಗಿಟ್ಟರು. "ಪೊರ್ಬುಗಳೇ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ," ಎಂದು, ತುಳುವರು ನಮ್ಮಂಥ ಕ್ರೈಸ್ತರನ್ನು ಕರೆಯುವ ಹೆಸರಿನಿಂದಲೇ ಶುರುಮಾಡಿ ತಮ್ಮ ಹರೆಯದ ಕಥೆ ಹೇಳಿದರು. ಡಾಕ್ಟರ್ ಪರೀಕ್ಷೆ ಪಾಸಾದ ಹೊಸತರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅವರಿಗೆ ಸಿಕ್ಕಿದ್ದು ಮದ್ದು ಕೊಡುವ ಕೆಲಸವಲ್ಲ, ಪ್ರಶ್ನೆ ಕೇಳುವ ಕೆಲಸ. ಬಾಯಿಯಲ್ಲಿ, ಗಂಟಲಲ್ಲಿ ಕ್ಯಾನ್ಸರ್ ಆದವರ ಮಂಚದ ಪಕ್ಕ ಕೂರಬೇಕು. ಎಲೆ-ಅಡಿಕೆ ಹಾಕ್ತೀಯಾ, ಹೊಗೆಸೊಪ್ಪು ಸೇರಿಸ್ತೀಯಾ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ತೀಯಾ, ಬಾಯಲ್ಲಿ ಇಟ್ಟುಕೊಂಡೇ ಮಲಗ್ತೀಯಾ, ಬೀಡಿ ಸೇದ್ತೀಯಾ, ಎಂದಿನಿಂದ? ಆಮೇಲೆ ಪಕ್ಕದ ವಾರ್ಡಿಗೆ ಹೋಗಿ, ಕಾಲು ಮುರಿದವರಿಗೆ, ಹರ್ನಿಯಾದವರಿಗೆ ಅದೇ ಪ್ರಶ್ನೆಗಳು. "ಅವ್ರು ನಗಾಡ್ತಿದ್ರು ಮಾರಾಯ್ರೆ. ಕಾಲು ಮುರಿದದ್ದಕ್ಕೂ ಬೀಡಿಗೂ ಎಂತ ಸಂಬಂಧ ಅಂತ. ನಮಗೂ ಮೊದಮೊದಲು ಹುಚ್ಚು ಕೆಲಸ ಅಂತಲೇ ಕಾಣ್ತಿತ್ತು. ಆದ್ರೆ ಈ ವಾರ್ಡಿನ ಉತ್ತರ, ಆ ವಾರ್ಡಿನ ಉತ್ತರ ಅಕ್ಕಪಕ್ಕ ಇಟ್ಟು ನೋಡಿದಾಗ ನಗು ನಿಂತುಹೋಯ್ತು."

ವಿಲಾಯತಿಯಿಂದಲೂ ಆಗ ಅಂಥದೇ ಸುದ್ದಿ ಬರುತ್ತಿತ್ತಂತೆ, ಸಿಗರೇಟು ಮತ್ತು ಶ್ವಾಸಕೋಶದ ಬಗ್ಗೆ. "ಅದನ್ನು ಓದುದು, ಓದಿದ ಹೆದರಿಕೆಗೆ ಇನ್ನೊಂದು ಹಚ್ಚುದು. ಆ ಉತ್ತರಗಳನ್ನು ನಾವು ಕೂಡಿಸ್ತಿದ್ದ ಕೋಣೆ ತುಂಬ ಹೊಗೆಯೇ. ಒಂದು ದಿನ ನನ್ನದೇ ಪ್ರಾಯದ ಒಬ್ಬ ರೋಗಿಯ ಹತ್ರ ಮಾತಾಡಿ ಹೊರಗೆ ಬಂದೆ. ಕಿಸೆಯಲ್ಲಿದ್ದ ಪ್ಯಾಕೆಟ್ಟನ್ನು ಕಸದ ಡಬ್ಬಿಗೆ ಹಾಕಿದೆ. ಅಲ್ಲಿಗೆ ಬಿಟ್ಟೆ."

ಮಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಮಗುವಿನ ಎದುರು ಆ ಹೆಸರು ಎತ್ಬೇಡಿ ಡಾಕ್ಟ್ರೇ," ಎಂದಳು. ನಾನು ಆಗಲೇ ಎಲ್ಲ ಕೇಳಿಸಿಕೊಂಡಾಗಿತ್ತು.

ಅಂದಿನಿಂದ ನಾನು ಕಡ್ಡಿ ಗೀರಲಿಲ್ಲ. ಬೆಳಿಗ್ಗೆ ಪಪ್ಪ ಬಚ್ಚಲಲ್ಲಿ ಕೆಮ್ಮಿದರೆ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಕೆಮ್ಮು ನಿಂತು ನೀರು ಬಿದ್ದ ಸದ್ದು ಕೇಳುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಒಗೆಯಲು ಹಾಕಿದ ಅವರ ಅಂಗಿಯನ್ನು ಮೂಸಿ ನೋಡುತ್ತಿದ್ದೆ. ಕೊನೆಗೊಮ್ಮೆ ತಡೆಯಲಾರದೆ ಮೆಟ್ಟಿಲು ಹತ್ತಿ ಹೋಗಿ ಡಾಕ್ಟ್ರಜ್ಜನನ್ನೇ ಕೇಳಿದೆ, ಪಪ್ಪ ಸಾಯ್ತಾರಾ ಎಂದು. ಅವರು ಸುಳ್ಳು ಹೇಳಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮಗಾ, ಅದು ಊರಿನ ಲೆಕ್ಕ, ಮನೆಯ ಲೆಕ್ಕ ಅಲ್ಲ. ಸೇದದವರಿಗಿಂತ ಸೇದುವವರಲ್ಲಿ ಹೆಚ್ಚು ಜನಕ್ಕೆ ಬರ್ತದೆ ಅಂತ ಹೇಳ್ಬಹುದು. ಯಾರಿಗೆ ಅಂತ ಬೆರಳು ತೋರಿಸ್ಲಿಕ್ಕೆ ನಮ್ಗೆ ಯಾರಿಗೂ ಗೊತ್ತಿಲ್ಲ," ಎಂದರು. ಸಮಾಧಾನಕ್ಕೆಂದು ಆಡಿದ ಮಾತು. ನನಗೆ ಮಾತ್ರ ಅದನ್ನು ಕೇಳಿ, ಊರೆಲ್ಲ ಸುತ್ತಿ ಯಾವ ಮನೆಯ ಬಾಗಿಲು ಬಡಿಯಲಿ ಎಂದು ನೋಡುತ್ತಿರುವ ಯಾರನ್ನೋ ಕಂಡ ಹಾಗಾಯಿತು.

ಆ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ ಶುರುವಾಗುವ ಬೂದಿ ಬುಧವಾರ, ನಾನು ಊಟ ಮುಟ್ಟದೆ ಅತ್ತೆನಂತೆ. ಪಪ್ಪ ಇಗರ್ಜಿಯಲ್ಲಿ ಹಣೆಗೆ ಹಚ್ಚಿದ ಬೂದಿಯನ್ನೂ ಒರೆಸದೆ ನನ್ನ ಪಕ್ಕ ಕೂತು, "ಆಯ್ತು, ತಪಸ್ಸು ಕಾಲ ಮುಗಿಯುವವರೆಗೆ ಮುಟ್ಟುದಿಲ್ಲ," ಎಂದರು. ಸುಲಭವಾಗಿರಲಿಲ್ಲ. ಸಣ್ಣ ಸಣ್ಣದಕ್ಕೆ ಸಿಡುಕುತ್ತಿದ್ದರು, ಅಂಗಳದಲ್ಲಿ ಕೂರಲಾರದೆ ಸಮುದ್ರದವರೆಗೆ ನಡೆದುಹೋಗಿ ಬರುತ್ತಿದ್ದರು. ಮಮ್ಮಿ ಜೇಬಿಗೆ ಲವಂಗ ಹಾಕಿಕೊಡುತ್ತಿದ್ದಳು, ಅವರು ಸಿಡುಕಿದಾಗ ಮಾತಿಲ್ಲದೆ ಹಿಂದೆ ಸರಿಯುತ್ತಿದ್ದಳು. ಈಸ್ಟರ್ ಹಬ್ಬ ಬಂತು, ಹೋಯಿತು. ಪಪ್ಪ ಪ್ಯಾಕೆಟ್ಟಿನ ಮಾತೆತ್ತಲಿಲ್ಲ. ಬೆಳಗಿನ ಕೆಮ್ಮು ಕಡಿಮೆಯಾಯಿತು. ಗಂಡಾಂತರ ನಮ್ಮ ಬಾಗಿಲು ದಾಟಿ ಹೋಯಿತು ಎಂದುಕೊಂಡೆ. ನನ್ನ ಬಾಲ್ಯದಲ್ಲಿ ಭಯವಿಲ್ಲದ ಕಾಲವೊಂದಿದ್ದರೆ ಅದು ಆ ಕೆಲವು ವಾರಗಳು.

ಬೇಸಿಗೆ ಸುಡತೊಡಗಿದಾಗ ಒಂದು ಮಧ್ಯಾಹ್ನ ಮಮ್ಮಿ ನನ್ನನ್ನೂ ಕರೆದುಕೊಂಡು ಮೇಲೆ ಹೋದಳು. ಡಾಕ್ಟ್ರಜ್ಜನ ಎದುರು ಕೂತು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಎಡ ಎದೆಯಲ್ಲಿ ಒಂದು ಗಂಟು ಇದೆ ಎಂದಳು. ನರ್ಸು ಅವಳು, ಅದು ಎಷ್ಟು ಗಟ್ಟಿ, ನೋವಿದೆಯೋ ಇಲ್ಲವೋ, ಕಂಕುಳಲ್ಲಿ ಏನು ಸಿಗುತ್ತದೆ, ಎಲ್ಲವನ್ನೂ ಬೇರೆ ಯಾರದೋ ವಿಷಯದಂತೆ ಹೇಳಿದಳು. ಕೇಳುತ್ತ ಕೇಳುತ್ತ ಡಾಕ್ಟ್ರಜ್ಜ ಕನ್ನಡಕ ತೆಗೆದರು.

"ಯಾವಾಗಿಂದ ಬಾಯಮ್ಮ?"

"ಈಸ್ಟರಿಗೆ ಮೊದಲಿಂದ."

"ನೀವು ನರ್ಸು. ನಿಮಗೆ ನಾನು ಹೇಳ್ಬೇಕಾ? ಎಂತಕ್ಕೆ ಸುಮ್ಮನೆ ಕೂತಿರಿ?"

"ಇವ್ರು ಆಗಷ್ಟೇ ಸಿಗರೇಟು ಬಿಟ್ಟಿದ್ರು ಡಾಕ್ಟ್ರೇ. ನಾನು ಹೇಳಿದ್ರೆ ಪುನಃ ಸುರು ಮಾಡ್ತಾರೆ ಅಂತ... ಬಿಟ್ಟದ್ದು ಸ್ವಲ್ಪ ಗಟ್ಟಿಯಾಗ್ಲಿ ಅಂತ ಕಾದೆ."

ಸಂಜೆ ಪಪ್ಪನಿಗೂ ಅಲ್ಲೇ, ಮೇಲಿನ ಮನೆಯಲ್ಲೇ ಹೇಳಿದರು. ಪಪ್ಪ ಜಗಳಕ್ಕೆ ಬಂದವರ ಹಾಗೆ ಕೇಳಿದರು: "ಅವಳು ಸೇದ್ಲಿಲ್ಲ. ಎಲೆ-ಅಡಿಕೆ ಮುಟ್ಲಿಲ್ಲ. ಸೇದಿದ್ದು ನಾನು. ಅವಳಿಗೆ ಎಂತಕ್ಕೆ?" ಹರೆಯವೆಲ್ಲ ಪ್ರಶ್ನೆ ಕೇಳುತ್ತಲೇ ಕಳೆದ ಡಾಕ್ಟ್ರಜ್ಜ ಮಮ್ಮಿಯ ಕಡೆ ತಿರುಗಿದರು. ಹಳೆಯ ಅಭ್ಯಾಸದಂತೆ ಅವರು ತಾವೇ ಮೆಲ್ಲಗೆ ಕೇಳತೊಡಗಿದರು. ಈ ಮಗು ಹುಟ್ಟುವಾಗ ನಿಮ್ಮ ಪ್ರಾಯ ಎಷ್ಟು? ಹಾಲು ಕುಡಿಸಿದ್ದೀರಾ? ನಿಮ್ಮ ಅಮ್ಮ ಇದ್ದಾರಾ?

"ಇಲ್ಲ. ನಾನು ಸಣ್ಣವಳಿರುವಾಗಲೇ ಹೋದರು. ಎದೆಯಲ್ಲಿ ಹುಣ್ಣಾಗಿ." ಮಮ್ಮಿ ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದಳು. ಊರಲ್ಲಿ ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಹುಣ್ಣು ಎಂದು ಮುಚ್ಚಿ ಮಣ್ಣು ಮಾಡಿದ್ದರು. ನಾನು ಮೂವರ ಮುಖವನ್ನೂ ನೋಡಿದೆ. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಡಾಕ್ಟ್ರಜ್ಜ ಕಿಟಕಿಯನ್ನು, ಪಪ್ಪ ತಮ್ಮ ಚಪ್ಪಲಿಯನ್ನು, ಮಮ್ಮಿ ತನ್ನ ಬೆರಳನ್ನು ನೋಡುತ್ತಿದ್ದರು. ಯಾಕೆಂದು ಅರ್ಥವಾಗುವ ವಯಸ್ಸಲ್ಲ. ಆದರೂ ಮೈ ತಣ್ಣಗಾಯಿತು. ಆ ತಣುಪು ಇಷ್ಟು ವರ್ಷವಾದರೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಮಮ್ಮಿಗೆ ಊರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಮರಳಿ ಬಂದವಳು ರವಿಕೆಯ ಒಂದು ಬದಿಗೆ ಹತ್ತಿ ತುಂಬಿ ತಾನೇ ಹೊಲಿದುಕೊಂಡಳು, ಮತ್ತೆ ಕೆಲಸಕ್ಕೆ ಹೋದಳು, ನನ್ನ ಕೂದಲು ಹೆಣೆದಳು. ಕೆಲವು ವರ್ಷ ಎಲ್ಲ ಸರಿಯಿದ್ದ ಹಾಗೇ ಇತ್ತು. ಆಮೇಲೆ ಅದು ಬೆನ್ನುಮೂಳೆಗೆ ಇಳಿಯಿತು. ನಾನು ಹೈಸ್ಕೂಲು ಮುಗಿಸುವ ಮೊದಲೇ ಅವಳು ಹೋದಳು. ಊರಿನ ಇಗರ್ಜಿಯ ಪಕ್ಕದ ಮಣ್ಣಿನಲ್ಲಿ ಅವಳನ್ನು ಇಳಿಸಿ ಬಂದ ದಿನ, ಸಂಬಂಧಿಕರೊಬ್ಬರು ಮರುಕದಿಂದ ಪಪ್ಪನ ಮುಂದೆ ಸಿಗರೇಟು ಹಿಡಿದರು. ಪಪ್ಪ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ ವಾಪಸು ಕೊಟ್ಟರು. "ಇದು ಬೇಡ. ಅವಳು ಇದಕ್ಕೋಸ್ಕರ ಕಾದವಳು," ಎಂದರು. ಮತ್ತೆಂದೂ ಸೇದಲಿಲ್ಲ. ಶ್ವಾಸಕೋಶ ಗಟ್ಟಿಯಾಗಿಯೇ ಇದ್ದು, ಎಂಬತ್ತು ದಾಟಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಡಾಕ್ಟ್ರಜ್ಜ ಅದಕ್ಕೂ ಬಹಳ ಮೊದಲೇ ಊರಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದರು.

ಮಮ್ಮಿ ಸತ್ತ ಪ್ರಾಯವನ್ನು ನಾನೀಗ ದಾಟಿದ್ದೇನೆ. ಪ್ರತಿ ವರ್ಷ ಎದೆಯ ಪರೀಕ್ಷೆಗೆ ಹೋಗುತ್ತೇನೆ. ತಣ್ಣಗಿನ ಯಂತ್ರದ ಎದುರು ಉಸಿರು ಬಿಗಿಹಿಡಿದು ನಿಲ್ಲುತ್ತೇನೆ, ವರದಿ ಬರುವವರೆಗೆ ಫೋನು ಕೈಯಿಂದ ಇಳಿಸುವುದಿಲ್ಲ. ಈ ಸಲವೂ ಏನೂ ಇಲ್ಲ ಎಂದರು. ಈ ವರ್ಷಕ್ಕೆ ಏನೂ ಇಲ್ಲ. ಅದೇ ಸಂಜೆ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬುದಯ್ಯಕ್ಕೆ ಹೋದೆ. ಅವಳಿಗೆ ಹದಿನೇಳು ತುಂಬಿದೆ. ಇನ್ನು ಹೇಳದೆ ಇರುವಂತಿರಲಿಲ್ಲ. ಮನೆ ಕೆಡವಿ ಎಷ್ಟೋ ಕಾಲವಾಗಿದೆ, ಆ ಜಾಗದಲ್ಲಿ ಒಂದೇ ಅಚ್ಚಿನ ವಿಲ್ಲಾಗಳ ಸಾಲು. ಒಂದು ಉದ್ದ ಗೋಡೆಯ ಪಕ್ಕ ಕಾರು ನಿಲ್ಲಿಸಿ, ಅಜ್ಜಿಯ ಕಾಯಿಲೆಯ ಹೆಸರು, ಮುತ್ತಜ್ಜಿಯ ಕಾಯಿಲೆಯ ಹೆಸರು ಎರಡನ್ನೂ ಬಾಯಿಬಿಟ್ಟು ಹೇಳಿದೆ.

"ಸೋ ನಂಗೂ ಬರ್ತದಾ ಮಮ್ಮಾ?"

"ಬಂದೇ ಬರ್ತದೆ ಅಂತ ಇಲ್ಲ. ಬರುದೇ ಇಲ್ಲ ಅಂತ ಹೇಳ್ಲಿಕ್ಕೆ ನಂಗೆ ಗೊತ್ತಿಲ್ಲ. ಇಬ್ರೂ ಡಾಕ್ಟ್ರಿಗೆ ತೋರಿಸ್ತಾ ಇರುವಾ." ಅವಳ ಮುಖ ನೋಡಿಯೇ ಹೇಳಿದೆ.

ಅವಳು ಸೀಟುಬೆಲ್ಟ್ ಬಿಚ್ಚಿ ನನ್ನ ಕಡೆ ತಿರುಗಿ, "ಗ್ರ್ಯಾನಿ ಹೇಗಿದ್ರು? ಐ ಮೀನ್, ಕಾಯಿಲೆ ಅಲ್ಲ. ಅವ್ರು ಹೇಗಿದ್ರು?" ಎಂದು ಕೇಳಿದಳು.

ಇಷ್ಟು ವರ್ಷ ಯಾರೂ ನನ್ನ ಬಳಿ ಅದನ್ನು ಕೇಳಿರಲಿಲ್ಲ. ಭಯದ ಕೆಳಗೆ ಸಿಕ್ಕಿಬಿದ್ದಿದ್ದ ಮಮ್ಮಿಯನ್ನು ತಡಕಾಡಿ ಹುಡುಕಬೇಕಾಯಿತು. ಆಮೇಲೆ ಸಿಕ್ಕಿದಳು. ಕ್ಲಿನಿಕ್ಕಿನಲ್ಲಿ ಕೇಳಿದ ತಮಾಷೆಗಳನ್ನು ಮಮ್ಮಿ ಮನೆಗೆ ತರುತ್ತಿದ್ದಳು. ಊಟಕ್ಕೆ ಕೂತಾಗ ಹೇಳಲು ಶುರುಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ ತನಗೇ ನಗು ಬಂದು, ಕಣ್ಣಲ್ಲಿ ನೀರು ತುಂಬಿ, ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು. ಅವಳನ್ನು ನೋಡಿ ಪಪ್ಪ, ಪಪ್ಪನನ್ನು ನೋಡಿ ನಾನು. ಆ ತಮಾಷೆಗಳಲ್ಲಿ ಒಂದರ ಕೊನೆಯೂ ನಮಗೆ ಗೊತ್ತಾಗಲಿಲ್ಲ.